ಬಸ್ಸಿನ ಗೇಮು ಮತ್ತು ಹೊಸ ಮೈಕ್

ಹವ್ಯಾಸವೆಂದರೆ ಕೆಲಸದ ದಣಿವು ಕಳೆಯುವ ಸಂಗತಿ ಎಂದು ನಾನೂ ನಂಬಿದ್ದೆ. ಪತ್ರಿಕಾ ಕಚೇರಿಯಲ್ಲಿ ಹಗಲಿಡೀ ಬೇರೆಯವರ ವಾಕ್ಯ ತಿದ್ದುವ ನನಗೆ, ಗೆಳೆಯ ಹರೀಶನ ಜೊತೆ ಗೇಮುಗಳ ಬಗ್ಗೆ ಪಾಡ್‌ಕಾಸ್ಟ್ ಮಾಡುವುದು ವಿಶ್ರಾಂತಿಯಾಗಬೇಕಿತ್ತು. ಈಗ ಕಚೇರಿಯೇ ವಿಶ್ರಾಂತಿ ಅನ್ನಿಸುತ್ತದೆ.

ದರ್ಬೆಯ ಮುಖ್ಯರಸ್ತೆಗೆ ಮುಖ ಮಾಡಿದ ನನ್ನ ಕೋಣೆಯೇ ನಮ್ಮ ಸ್ಟುಡಿಯೊ. ನಮ್ಮ ಮಾತಿಗಿಂತ ಬಸ್ಸುಗಳ ಹಾರ್ನ್ ಚೆನ್ನಾಗಿ ಕೇಳಿಸುತ್ತದೆಂದು ಇದ್ದಬದ್ದ ಕೇಳುಗರೂ ದೂರಿದರು. ಹರೀಶ ಕಡ್ಡಿ ಮುರಿದಂತೆ ಹೇಳಿಬಿಟ್ಟ: "ಒಳ್ಳೆ ಮೈಕ್ ತಾ, ಒಳ್ಳೆ ಅತಿಥಿಯನ್ನು ಕರಿ. ಈ ಸಲವೂ ಸರಿ ಆಗದಿದ್ರೆ ನಾನಿಲ್ಲ ಮಾರಾಯ." ಅವನಿಲ್ಲದೆ ಒಬ್ಬನೇ ಗೋಡೆಯ ಜೊತೆ ಮಾತಾಡುವ ಧೈರ್ಯ ನನಗಿರಲಿಲ್ಲ.

ಮೈಕ್ ಬಂತು. ಕಿಟಕಿಗೆ ಹಾಸಿಗೆ ಒರಗಿಸಿ, ಫ್ಯಾನ್ ನಿಲ್ಲಿಸಿ ಕೂತೆವು. ಇಷ್ಟು ಬೆವರುವುದಿದ್ದರೆ ಹಿತ್ತಿಲಿನ ಕಳೆಯನ್ನಾದರೂ ಕೀಳಬಹುದಿತ್ತೆಂದು ಹೆಂಡತಿ ಹೇಳಿಹೋದಳು. ಅತಿಥಿಯಾಗಿ ಕಲ್ಲುಗುಂಡಿಯಿಂದ ದಿನೇಶರು ಬಂದರು. ಬೇಕರಿ ಇಟ್ಟಿರುವ ಇವರು, ಮೊಬೈಲಿನಲ್ಲಿ ಬಸ್ ಓಡಿಸುವ ಗೇಮಿಗೆ ನಮ್ಮೂರ ಬಸ್ಸುಗಳ ಬಣ್ಣ, ಬೋರ್ಡು ಎಲ್ಲವನ್ನೂ ಇದ್ದ ಹಾಗೆಯೇ ಬಿಡಿಸಿ ಹೆಸರಾದವರು. ಒಮ್ಮೆ ಒಂದು ಬಸ್ಸಿನ ಹಿಂದಿನ ನೆಗ್ಗನ್ನೂ ಬಿಡಿಸಿದ್ದಕ್ಕೆ ಅದರ ಅಸಲಿ ಡ್ರೈವರು ಬೇಕರಿಗೇ ಬಂದು ಜಗಳ ತೆಗೆದನಂತೆ. "ನೆಗ್ಗಿದ್ದು ಧಣಿಗಳಿಗೆ ಗೊತ್ತಿರ್ಲಿಲ್ಲ ಮಾರಾಯ್ರೆ. ಅವರ ಮಗ ಗೇಮಿನಲ್ಲಿ ನೋಡಿ ಹೇಳಿದ್ದು," ಎಂದರು ದಿನೇಶರು. ಚಹಾ ಕುಡಿಯುತ್ತಿದ್ದ ಹರೀಶನಿಗೆ ನಕ್ಕು ನಕ್ಕು ಚಹಾ ನೆತ್ತಿಗೇರಿತು.

ಮೈಕ್ ಚಾಲೂ ಮಾಡಿದೆವು. ದಿನೇಶರು ಬೆನ್ನು ನೆಟ್ಟಗೆ ಮಾಡಿ, ಅವಕಾಶ ಕಲ್ಪಿಸಿದ ಸಂಘಟಕರಿಗೆ ಕೃತಜ್ಞತೆ ಸಲ್ಲಿಸಿದರು. ನೆಗ್ಗಿದ ಬಸ್ಸಿನ ಕಥೆ ಕೇಳಿದೆ. "ಸದರಿ ವಾಹನದ ಹಿಂಭಾಗಕ್ಕೆ ಅಲ್ಪ ಪ್ರಮಾಣದ ಹಾನಿ ಸಂಭವಿಸಿದ್ದು, ಈ ಕುರಿತು ಚಾಲಕರು ಅಸಮಾಧಾನ ವ್ಯಕ್ತಪಡಿಸಿದರು." ಹೊಸ ಮೈಕ್ ಒಂದಕ್ಷರವನ್ನೂ ಬಿಡದೆ ಹಿಡಿಯಿತು. ಹರೀಶ ಹೆಡ್‌ಫೋನ್ ತೆಗೆದಿಟ್ಟು ಚಪ್ಪಲಿ ಹುಡುಕತೊಡಗಿದ.

ನನಗೆ ಅಳು ಬರುವುದೊಂದು ಬಾಕಿ. ಚಹಾ ಕುಡಿಯುವಾಗ ಮಾತಾಡಿದ ಹಾಗೆಯೇ ಮಾತಾಡಿ ಎಂದು ದಿನೇಶರಲ್ಲಿ ಬೇಡಿಕೊಂಡೆ. ಅವರ ಮುಖ ಸಪ್ಪಗಾಯಿತು.

"ಹಾಗೆ ಮಾತಾಡುದು ಮನೆಯಲ್ಲಿ ಅಲ್ವಾ? ಇದಕ್ಕೇಂತ ನಿಮ್ಮ ಹಳೆ ಸಂಚಿಕೆ ಎಲ್ಲ ಕೇಳಿ, ನಿಮ್ಮ ಹಾಗೆಯೇ ಮಾತಾಡ್ಲಿಕ್ಕೆ ಕಲ್ತು ಬಂದದ್ದು ನಾನು."

ಹರೀಶ ಚಪ್ಪಲಿ ಬಿಟ್ಟು ವಾಪಸ್ ಬಂದು ಕೂತ. ಪಾಡ್‌ಕಾಸ್ಟ್ ನಿಲ್ಲಿಸುವುದು ಬೇಡ, ರೋಗ ಎಲ್ಲಿ ಉಂಟೆಂದು ಈಗ ಗೊತ್ತಾಯಿತು ಎಂದ, ನನ್ನನ್ನೇ ನೋಡುತ್ತಾ. ಅಂದಿನಿಂದ ಒಳಗೆ ಅವರಿಬ್ಬರು ಹರಟುತ್ತಾರೆ. ನಾನು ಬಾಗಿಲ ಹೊರಗೆ ಕೂತು, ಬೆಲ್ ಒತ್ತಲು ಬರುವವರನ್ನು ತಡೆಯುತ್ತೇನೆ. ಧ್ವನಿಯ ಗುಣಮಟ್ಟದಲ್ಲಿ ಗಣನೀಯ ಸುಧಾರಣೆ ಕಂಡುಬಂದಿದೆ ಎಂದು ಕೇಳುಗರು ಅಭಿಪ್ರಾಯಪಟ್ಟಿದ್ದಾರೆ.