ಚಿಕ್ಕಪ್ಪನ ಕಾರಿನ ಎಡಗಡೆ ಬಡಿತ

ನಮ್ಮ ಚಿಕ್ಕಪ್ಪನಿಗೆ ಪಕ್ಕದಲ್ಲೇ ಪಟಾಕಿ ಹೊಡೆದರೂ ಕೇಳಿಸುವುದಿಲ್ಲ. ಆದರೆ ತಮ್ಮ ಹಳೇ ಕಾರಿನ ಅಡಿಯಲ್ಲಿ ಒಂದು ರಬ್ಬರ್ ಬುಷ್ ಸವೆದರೆ ಸಾಕು, ಬೀದಿಯ ಆ ತುದಿಯಲ್ಲಿದ್ದರೂ ಕೇಳಿಸುತ್ತದಂತೆ! ನಾನು ಹೇಳುತ್ತಿಲ್ಲ, ಅವರೇ ಹೇಳುತ್ತಾರೆ. ಕೂಗಿ ಹೇಳುತ್ತಾರೆ. ತಮಿಳು ಸೀಮೆಯ ಕಾರಮಡೈ ಪಕ್ಕದ ನಮ್ಮ ಕನ್ನಡ ನೇಕಾರರ ಬೀದಿಯಲ್ಲಿ, ಪವರ್‌ಲೂಮುಗಳ ಗದ್ದಲದಲ್ಲೇ ಆಯುಷ್ಯ ಕಳೆದವರಿಗೆ ಮೆಲ್ಲಗೆ ಮಾತಾಡುವುದು ಎಲ್ಲಿ ನೆನಪಿರುತ್ತದೆ?

ಬೆಳಿಗ್ಗೆ ಎದ್ದು ಕಾರಿನ ಮೂತಿಯನ್ನು ಎರಡೂ ಕೈಯಿಂದ ಒತ್ತಿ ಬಿಡುವುದು ಅವರ ನಿತ್ಯಪೂಜೆ. ಒಮ್ಮೆ ಎದ್ದು ಸುಮ್ಮನೆ ನಿಂತರೆ ಆರೋಗ್ಯ. ತೂಗಾಡುತ್ತಲೇ ಇದ್ದರೆ ಷಾಕ್ ಅಬ್ಸಾರ್ಬರ್ ಕೆಟ್ಟಿದೆ ಎಂದರ್ಥ. ಈ ವೈದ್ಯ ತಮ್ಮ ಕಾರಿಗಷ್ಟೇ ಅಲ್ಲ. ಒಮ್ಮೆ ನನ್ನ ತಂಗಿಯನ್ನು ನೋಡಲು ಬಂದವರ ಹೊಸ ಕಾರನ್ನೂ ಹೀಗೆಯೇ ಒತ್ತಿದರು. ಅದರ ಅಲಾರಂ ಬೀದಿಗೆಲ್ಲ ಕೇಳುವಂತೆ ಕಿರುಚಿಕೊಂಡಿತು. ಗಂಡಿನ ಕಡೆಯವರು ಕಾಫಿ ಲೋಟ ಹಿಡಿದುಕೊಂಡೇ ಹೊರಗೆ ಓಡಿಬಂದರು. ಚಿಕ್ಕಪ್ಪ ನಮ್ಮಪ್ಪನ ಕಡೆ ತಿರುಗಿ, “ಸ್ಪ್ರಿಂಗ್ ನಲ್ಲಾ ಐತೆ ಅಣ್ಣಾ. ಸಂಬಂಧ ಮಾಡ್ಕೊ!” ಎಂದರು.

ಆದರೆ ಈ ಸಲದ ಕಾಯಿಲೆ ನಗುವಂಥದ್ದಾಗಿರಲಿಲ್ಲ. ಚಿಕ್ಕಮ್ಮನಿಗೆ ಸೊಂಟನೋವು ಶುರುವಾಗಿ ತಿಂಗಳುಗಳಾಗಿದ್ದವು; ನೆಟ್ಟಗೆ ನಿದ್ದೆಯಿಲ್ಲ, ಸ್ವಲ್ಪ ಕುಲುಕಿದರೂ ಜೀವ ಹೋದಂತಾಗುತ್ತದೆ. ಅತ್ತ ಪೊಳ್ಳಾಚಿಯಾಚೆಯ ಹಳ್ಳಿಯಲ್ಲಿ ಅವರ ಒಬ್ಬರೇ ಅಕ್ಕ ಕಾಲು ಮುರಿದುಕೊಂಡು ಕೂತಿದ್ದರು. ದಿನಾ ಫೋನಿನಲ್ಲಿ ಅಕ್ಕತಂಗಿಯರ ಅಳು. ಬಸ್ಸಿನ ಮಾತೇ ಇಲ್ಲ. ಬಾಡಿಗೆ ಕಾರು ತರಲೇ ಎಂದರೆ ಚಿಕ್ಕಪ್ಪ ನನ್ನ ಮೇಲೆ ಹರಿಹಾಯ್ದರು. “ಊರಾರ ವಂಡಿ ಅಡೀಲಿ ಏನೈತೋ ಯಾರ್ ಕಂಡೋರು? ನಮ್ ವಂಡೀನೇ ಸರಿ ಮಾಡ್ತೀನಿ ಇರು ಕಣ್ಣು!” ಮುದ್ದಿಗಾಗಲಿ ಗದರಿಕೆಗಾಗಲಿ ನಾನವರಿಗೆ ‘ಕಣ್ಣು’.

ಅವರ ವಂಡಿಯ ಅಡಿಯಲ್ಲಿ ಏನಿತ್ತು? ಗುಂಡಿ ಸಿಕ್ಕಾಗಲೆಲ್ಲ ಎಡಗಡೆ ಮುಂಚಕ್ರದಿಂದ ‘ಟಕ್’. ಆ ಟಕ್ ನೇರವಾಗಿ ಸೀಟಿಗೆ ಬಡಿಯುತ್ತಿತ್ತು.

ಮೆಕ್ಯಾನಿಕ್ ಎಡಗಡೆ ಬಿಚ್ಚಲು ಹೊರಟ. ಚಿಕ್ಕಪ್ಪ ಅವನ ಸ್ಪ್ಯಾನರನ್ನೇ ಕಿತ್ತುಕೊಂಡರು. ಮಗ್ಗದಲ್ಲಿ ಲಾಳಿಯನ್ನು ಬಲಗಡೆಯಿಂದ ಹೊಡೆದರೆ ಅದು ಎಡಗಡೆ ಬಂದು ಬಡಿಯುತ್ತದೆ. ಬಡಿತ ಜೋರಾದರೆ ನೇಕಾರ ರಿಪೇರಿ ಮಾಡುವುದು ಬಲಗಡೆ. “ಎಡಗಡೆ ಟಕ್ ಅನ್ನೋ ಸತ್ತಂ ಬಂದ್ರೆ ಎಡಗಡೆ ಯಾವನ್ ಬಿಚ್ತಾನೆ? ಹೊಡ್ಯೋನು ಬಲಗಡೆ ಇರ್ತಾನಲ್ವಾ!” ಮೆಕ್ಯಾನಿಕ್ ಕೈಮುಗಿದ. “ಅಯ್ಯಾ, ಇದು ತರಿ ಇಲ್ಲೀಂಗ, ಕಾರುಂಗ!” ಮಗ್ಗವಲ್ಲ, ಕಾರು ಅಂತ ಅವನೆಂದರೆ ಯಾರು ಕೇಳಬೇಕು? ಬಲಗಡೆಯ ಷಾಕ್ ಅಬ್ಸಾರ್ಬರ್, ಬುಷ್, ರಾಡು ಎಲ್ಲ ಹೊಸದಾಗಿ ಬಂದವು. ಬಲಗಡೆ ಮದುಮಗನಂತಾಯಿತು. ಎಡಗಡೆ ಟಕ್ ಎನ್ನುತ್ತಲೇ ಇತ್ತು.

“ಸುದ್ದವಾಯ್ತು, ಈಗ ಸತ್ತಂ ಇಲ್ಲ!” ಎಂದು ಚಿಕ್ಕಪ್ಪ ಸಾರಿದರು.

“ನನಗಿನ್ನೂ ಕೇಳಿಸ್ತೈತೆ ಚಿಕ್ಕಪ್ಪಾ” ಎಂದೆ.

“ನಿನ್ ಕಿವಿ ತೋರಿಸ್ಕೊ ಕಣ್ಣು. ಚಿಕ್ಕ ವಯಸ್ಸು, ಈಗ್ಲೇ ಹಿಂಗಾದ್ರೆ ಹೆಂಗೆ?”

ಇಂಥವರ ಹತ್ತಿರ ಏನು ವಾದ! ಚಿಕ್ಕಮ್ಮನನ್ನು ಹಿಂದಿನ ಸೀಟಿನಲ್ಲಿ ದಿಂಬುಗಳ ನಡುವೆ ಕೂರಿಸಿ, ಪಕ್ಕದಲ್ಲಿ ತಾವು ಕೂತು, ನನ್ನ ಕೈಗೆ ಸ್ಟೇರಿಂಗ್ ಕೊಟ್ಟರು. ರಸ್ತೆಯ ಪ್ರತಿ ಉಬ್ಬಿಗೂ “ಸುಖವಾ?” ಎಂದು ಕೂಗುವರು. “ಸುಖಾನೇ” ಎಂದು ಚಿಕ್ಕಮ್ಮ ತಲೆಯಾಡಿಸುವರು. ಉಕ್ಕಡಂ ಮೇಲ್ಸೇತುವೆ ಹತ್ತಿದೆವು. ಅದರ ಒಂದೊಂದು ಜೋಡಣೆಗೂ ಟಕ್, ಟಕ್.

ಲೂಮ್ ಷೆಡ್ಡಿನಲ್ಲಿ ದನಿ ಕೇಳಿಸದ ಕಾರಣ ನಮ್ಮವರೆಲ್ಲ ಬರೀ ತುಟಿ ಆಡಿಸಿ ಮಾತಾಡುತ್ತಾರೆ, ತುಟಿ ನೋಡಿಯೇ ತಿಳಿದುಕೊಳ್ಳುತ್ತಾರೆ. ನಾನು ಕನ್ನಡಿಯಲ್ಲಿ ಹಿಂದೆ ನೋಡಿದೆ. ಚಿಕ್ಕಮ್ಮ ಕಿಟಕಿಯತ್ತ ಮುಖ ತಿರುಗಿಸಿಕೊಂಡಿದ್ದರು. ಪ್ರತಿ ಟಕ್ಕಿಗೂ ಅವರ ತುಟಿ ಸದ್ದಿಲ್ಲದೆ “ಅಮ್ಮಾ” ಎನ್ನುತ್ತಿತ್ತು. ಪಕ್ಕದಲ್ಲಿ ಕೂತ ಚಿಕ್ಕಪ್ಪನೂ ಕಿಟಕಿಯ ಗಾಜಿನಲ್ಲಿ ಅದನ್ನೇ ನೋಡುತ್ತಿದ್ದರು.

“ವಂಡಿ ತಿರುಗ್ಸು” ಎಂದರು.

ಚಿಕ್ಕಮ್ಮನನ್ನು ಮನೆಯಲ್ಲಿಳಿಸಿ, ನೇರವಾಗಿ ಮೆಕ್ಯಾನಿಕ್ಕಿನ ಎದುರು ಹೋಗಿ ನಿಂತರು. ಲೋಕವೆಲ್ಲ ತಪ್ಪು, ತಾವೊಬ್ಬರೇ ಸರಿ ಎಂದು ಬದುಕಿದ ಮನುಷ್ಯ! “ಎಡಗಡೆ ಬಿಚ್ಚು ತಂಬಿ. ನಾನು ತಪ್ಪಾಗಿ ಹೇಳ್ಬುಟ್ಟೆ. ಅವಳಿಗೆ ನೋವಾಯ್ತು.” ಮೆಕ್ಯಾನಿಕ್ ನಗಲಿಲ್ಲ. ಕಾರಿನಡಿ ನುಸುಳಿ, ಸವೆದು ಗಡಗಡ ಎನ್ನುವ ಒಂದು ಪುಟ್ಟ ರಾಡನ್ನು ಕಳಚಿ ತಂದ.

ಕೆಲವು ದಿನ ಬಿಟ್ಟು ಮತ್ತೆ ಹೊರಟೆವು. ಉಕ್ಕಡಂ ಸೇತುವೆ ದಾಟಿದರೂ ಟಕ್ ಇಲ್ಲ. “ಸುಖವಾ?” ಎಂಬ ಕೂಗೂ ಇಲ್ಲವಲ್ಲ ಎಂದು ಕನ್ನಡಿಯಲ್ಲಿ ನೋಡಿದರೆ ಚಿಕ್ಕಮ್ಮ ಬಾಯಿ ಅರ್ಧ ತೆರೆದು ಗಾಢನಿದ್ದೆಯಲ್ಲಿದ್ದರು. ತೆಂಗಿನ ತೋಟಗಳು ಮುಗಿದು ಅಕ್ಕನ ಮನೆ ಬಂದರೂ ಎಚ್ಚರವಿಲ್ಲ. ಎಬ್ಬಿಸಲು ತಿರುಗಿದೆ. ಚಿಕ್ಕಪ್ಪ ತುಟಿ ಮಾತ್ರ ಆಡಿಸಿದರು. “ಬ್ಯಾಡ.”

ಕೋಲೂರಿಕೊಂಡು ಅಕ್ಕ ಅಂಗಳಕ್ಕೆ ಬಂದರು. ಕಿಟಕಿಯಿಂದ ಇಣುಕಿ ತಂಗಿಯ ಮುಖವನ್ನು ಬಹಳ ಹೊತ್ತು ನೋಡಿದರು. ಚಿಕ್ಕಪ್ಪ ಇಳಿದು, ಅವರ ತೋಳು ಹಿಡಿದು ತಮ್ಮ ಜಾಗದಲ್ಲಿ ಕೂರಿಸಿದರು. ಅಕ್ಕ ತಂಗಿಯ ಕೈಯನ್ನು ಎತ್ತಿ ತಮ್ಮ ಮಡಿಲಲ್ಲಿಟ್ಟುಕೊಂಡರು. ಬಾಗಿಲು ಹಾಕಿದರೆ ಸದ್ದಾದೀತೆಂದು ಚಿಕ್ಕಪ್ಪ ಅದನ್ನು ಹಿಡಿದುಕೊಂಡೇ ಬಿಸಿಲಲ್ಲಿ ನಿಂತಿದ್ದರು.