ಎಡಗಡೆಯ ಸೀಟು

ಕಡಬದ ಸರ್ವೋತ್ತಮ ರೈಗಳು ಆ ಆದಿತ್ಯವಾರ ಪಟ್ಟ ಪಾಡಿಗೆಲ್ಲ ಮೂಲ, ಅವರು ಒಂದು ಇಂಗ್ಲಿಷ್ ಶಬ್ದವನ್ನು ಬಿಡಿಸಿ ಹೇಳದೆ ಹೋದದ್ದು. ಶುಕ್ರವಾರ ಸಂಜೆ ಯುವಕ ಮಂಡಲದ ಅಧ್ಯಕ್ಷ ಅಚ್ಚುತ ಪೇಟೆಯಲ್ಲಿ ಸಿಕ್ಕಾಗ, "ಆದಿತ್ಯವಾರ ಬೆಳಿಗ್ಗೆ ನನ್ನ ಕಾರು ಡ್ರ್ಯಾಗ್ ಮಾಡ್ಲಿಕ್ಕುಂಟು, ನಿಮ್ಮ ನಾಲ್ಕು ಜನ ಬೇಕು" ಎಂದಷ್ಟೇ ಹೇಳಿ ಸ್ಕೂಟರ್ ಹತ್ತಿಬಿಟ್ಟರು. ಅಚ್ಚುತ ತಲೆಯಾಡಿಸಿದ. ಅರ್ಥವಾಗದಿದ್ದರೂ ತಲೆಯಾಡಿಸುವುದು ಅಧ್ಯಕ್ಷರಾದವರಿಗೆ ಅಭ್ಯಾಸವಾಗಿರುತ್ತದೆ.

ಕಾರು ಅಂತಿಂಥದ್ದಲ್ಲ. ಅರುವತ್ತೊಂಬತ್ತನೇ ಇಸವಿಯ ಅಮೆರಿಕದ ಪ್ಲಿಮತ್ ಬಾರಾಕುಡ. ಎಂಟು ಸಿಲಿಂಡರಿನ ಎಂಜಿನ್ನು, ಊಟಕ್ಕೆ ಎಲೆ ಹಾಕಬಹುದಾದಷ್ಟು ಉದ್ದದ ಬಾನೆಟ್ಟು. ಸಂಪಾಜೆ ಘಾಟಿಯ ಮೇಲಿನ ಪ್ಲಾಂಟರ್ ಮೇದಪ್ಪನವರ ಅಜ್ಜ ಎಂದೋ ಹಡಗಿನಲ್ಲಿ ತರಿಸಿದ್ದಂತೆ. ಅಜ್ಜ ತೀರಿಕೊಂಡ ಮೇಲೆ ಅದು ಕಾಫಿ ಗೋದಾಮಿನಲ್ಲಿ ಇಲಿಗಳ ವಶದಲ್ಲಿತ್ತು. ರೈಗಳು ಅದನ್ನು ಲಾರಿಗೆ ಹೇರಿಕೊಂಡು ತಂದು, ಆರು ವರ್ಷ ಕೂತು ರಿಪೇರಿ ಮಾಡಿದರು. ಕಾರ್ಬ್ಯುರೇಟರ್ ದುಬಾಯಿಯ ನೆಂಟರ ಪೆಟ್ಟಿಗೆಯಲ್ಲಿ ಖರ್ಜೂರದ ನಡುವೆ ಬಂತು. ಗೇರ್ ಬಾಕ್ಸು ಎರಡು ಮಳೆಗಾಲ ಮಲಗುವ ಕೋಣೆಯಲ್ಲಿತ್ತು. ಆ ಎರಡು ಮಳೆಗಾಲವೂ ಅವರ ಹೆಂಡತಿ ಊರ್ಮಿಳಾ ಚಾವಡಿಯಲ್ಲಿ ಮಲಗಿದ್ದರು.

ಊರಿನವರಿಗೆ ಆ ಕಾರು ಓಡುತ್ತದೆಂಬ ನಂಬಿಕೆಯೇ ಇರಲಿಲ್ಲ. ರೈಗಳ ಮನೆಯೆದುರಿನ ಚಾದಂಗಡಿಯ ಹಸನಬ್ಬ ಹೆಸರು ಕೇಳಿದ ದಿನವೇ ತೀರ್ಪು ಕೊಟ್ಟಿದ್ದರು. "ಬಾರಕೂಡದು ಅಂತ ಹೆಸರಿಟ್ರೆ ಅದು ಬರುದಾದ್ರೂ ಹೇಗೆ ರೈಗಳೇ?" ಅದು ಬಾರಕೂಡದು ಅಲ್ಲ, ಬಾರಾಕುಡ, ಒಂದು ಮೀನಿನ ಹೆಸರು ಎಂದು ರೈಗಳು ವಿವರಿಸಿದರು. ಅಲ್ಲೇ ಇದ್ದ ಊರ್ಮಿಳಾ, ಆ ಮೀನು ಗಸಿಗೆ ಆಗುತ್ತದೋ ಹುರಿಯಲಿಕ್ಕೋ ಎಂದು ವಿಚಾರಿಸಿ, ರೈಗಳಿಗೆ ಗೊತ್ತಿಲ್ಲವೆಂದು ತಿಳಿದಾಗ ಒಳಗೆ ಹೋದರು.

ಆದರೆ ಆ ಕಾರಿನಲ್ಲಿ ಒಂದು ವಿಶೇಷವಿತ್ತು. ಅಮೆರಿಕದ್ದಾದ ಕಾರಣ ಅದರ ಸ್ಟೇರಿಂಗು ಎಡಗಡೆಗೆ. ಬೇರೆಯವರಾಗಿದ್ದರೆ ಕಷ್ಟಪಡುತ್ತಿದ್ದರು. ರೈಗಳು ಕಡಬ ಪೇಟೆಯಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುವವರು. ಬಲಗಡೆ ಕಲಿಯುವವರನ್ನು ಕೂರಿಸಿ, ಎಡಗಡೆ ತಾನು ಕೂತು, ತನ್ನ ಕಾಲಡಿಯ ಇನ್ನೊಂದು ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಬೈಯುತ್ತಾ ಅರ್ಧ ಆಯುಷ್ಯ ಕಳೆದವರು. ಕಾರಿನ ಎಡಗಡೆಯೆಂದರೆ ಅವರಿಗೆ ಮನೆಯ ಹಾಗೆ. ದೇವರು ಇದನ್ನು ತನಗೆಂದೇ ಮಾಡಿಸಿದ್ದಾನೆ ಎಂದು ಅವರು ಹೇಳಿಕೊಳ್ಳುತ್ತಿದ್ದರು.

ಅವರ ಆಸೆ ಒಂದೇ. ಡಿಸೆಂಬರಿನಲ್ಲಿ ಹಳೇ ಕಾರುಪ್ರಿಯರ ಒಂದು ಸಂಘ ವಿಮಾನ ಇಳಿಯುವ ಯಾವುದೋ ಪಾಳುಬಿದ್ದ ಪಟ್ಟಿಯಲ್ಲಿ ಡ್ರ್ಯಾಗ್ ರೇಸ್ ನಡೆಸುವುದಿತ್ತು. ತಿರುವಿಲ್ಲ, ಮುರುವಿಲ್ಲ. ನಿಂತಲ್ಲಿಂದ ಹೊರಟು ಕಾಲು ಮೈಲು ನೇರ ಓಡುವುದು, ಯಾರು ಬೇಗ ಮುಟ್ಟುತ್ತಾರೋ ಅವರು ಗೆದ್ದಂತೆ. ಹದಿನಾರು ಸೆಕೆಂಡಿನ ಒಳಗೆ ಓಡುವ ಕಾರಿಗೆ ಮಾತ್ರ ಪ್ರವೇಶ. ಆ ಸಾಲಿನಲ್ಲಿ, ಆ ಗುಡುಗುವ ಕಾರುಗಳ ನಡುವೆ, ಒಮ್ಮೆಯಾದರೂ ಸ್ಟೇರಿಂಗ್ ಹಿಡಿದು ನಿಲ್ಲಬೇಕೆಂಬುದು ರೈಗಳ ಜೀವದ ಹಂಬಲ. ಪರೀಕ್ಷೆ ಮಾಡಲು ಸಂಘದಿಂದ ಅಭಿರಾಮ್ ಎಂಬ ಯುವಕ ಮಂಗಳೂರಿನಿಂದ ಬರುವುದೆಂದು ನಿಶ್ಚಯವಾಗಿತ್ತು.

ಉಳಿದದ್ದು ರಸ್ತೆಯ ತೊಂದರೆ. ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕು ಸುತ್ತಿದರೂ ಕಾಲು ಮೈಲು ನೇರ ಇರುವ ರಸ್ತೆ ಸಿಗುವುದು ಕಷ್ಟ. ಇಲ್ಲಿ ರಸ್ತೆ ಹಾಕಿದವರಿಗೆ ಗುಡ್ಡ ಕಂಡರೆ ಬಳಸಿಕೊಂಡು ಹೋಗುವ ಸ್ವಭಾವ, ಗುಡ್ಡ ಇಲ್ಲದಲ್ಲಿಯೂ ಅದೇ ಸ್ವಭಾವ. ಕೊನೆಗೆ ಸವಣೂರಿನ ಹತ್ತಿರ ಹೊಸ ಕಾಂಕ್ರೀಟು ಹಾಕಿ ಇನ್ನೂ ವಾಹನ ಬಿಡದ ಒಂದು ತುಂಡು ಸಿಕ್ಕಿತು. ಅದರ ಗುತ್ತಿಗೆದಾರ ಅಚ್ಚುತನ ಭಾವ. ದನ ಮತ್ತು ಸ್ಕೂಟರುಗಳನ್ನು ತಡೆಯಲು ನಾಲ್ಕು ಜನ ಬೇಕಾದದ್ದೂ ಅಲ್ಲಿಗೇ.

ಇತ್ತ ಅಚ್ಚುತ ಮನೆಗೆ ಹೋಗಿ ಡ್ರ್ಯಾಗ್ ಎಂದರೆ ಎಂತ ಎಂದು ಮೊಬೈಲಿನಲ್ಲಿ ಹುಡುಕಿದ. 'ಎಳೆಯುವುದು' ಎಂದು ಬಂತು. ಪಾಪ, ಕಾರು ಓಡುವುದಿಲ್ಲ, ಬಾಯಿಬಿಟ್ಟು ಹೇಳಲಿಕ್ಕೆ ರೈಗಳಿಗೆ ನಾಚಿಕೆ ಎಂದು ಅವನ ಕರುಳು ಚುರುಕ್ ಎಂದಿತು. ಅಷ್ಟು ಭಾರದ ಕಾರು ನಾಲ್ಕು ಜನಕ್ಕೆ ಅಲುಗಾಡುವುದುಂಟೇ? ಅವನು ಸವಣೂರಿನ ಹಗ್ಗಜಗ್ಗಾಟದ ತಂಡವನ್ನು ಕರೆದ. ಒಂದೇ ತಂಡ ಬಂದರೆ ಆಟ ಹೇಗಾದೀತು ಎಂದು ಕೊಲ್ಲಮೊಗ್ರಿನ ತಂಡವನ್ನೂ ಕರೆದ. ಜನ ಸೇರುತ್ತಾರೆಂದಾದ ಮೇಲೆ ಮೈಕು, ಶಾಮಿಯಾನ, ಬಹುಮಾನಕ್ಕೆ ಒಂದು ಬಾಳೆಗೊನೆ, ಅತಿಥಿಗಳಿಗೆ ಒಂದು ಶಾಲು, ಎಲ್ಲವೂ ತಾವಾಗಿಯೇ ಕೂಡಿಬಂದವು.

ಆದಿತ್ಯವಾರ ಬೆಳಿಗ್ಗೆ ರೈಗಳು ಕಾರು ಹೊರಗೆ ತೆಗೆದಾಗ ಊರ್ಮಿಳಾ ಹೊಸ ಸೀರೆ ಉಟ್ಟು, ಹೂವು ಕುಂಕುಮ ಅಕ್ಕಿ ಇಟ್ಟ ದೊಡ್ಡ ಹಿತ್ತಾಳೆಯ ಹರಿವಾಣ ಹಿಡಿದು ಮೆಟ್ಟಿಲಿನಲ್ಲಿ ನಿಂತಿದ್ದರು. ಅಲ್ಲಿ ಹೋಗಿ ಕಾರಿಗೆ ಪೂಜೆ ಮಾಡಿಯೇ ಓಡಿಸಬೇಕೆಂದು ಅವರ ಹಟ. ಇದು ಅಮೆರಿಕದ ಸ್ಪರ್ಧೆ, ಹೀಗೆಲ್ಲ ಮಾಡಿದರೆ ಬಂದವರು ನಗುತ್ತಾರೆ ಎಂದು ರೈಗಳು ಹೇಳಿ ನೋಡಿದರು. ಊರ್ಮಿಳಾ ಬಲಗಡೆಯ ಬಾಗಿಲು ತೆಗೆದು ಕೂತರು.

ಸವಣೂರಿನಲ್ಲಿ ರೈಗಳಿಗೆ ಮೊದಲು ಕಂಡದ್ದು ಒಂದು ಬ್ಯಾನರ್. 'ಹಳೇ ಕಾರು ಎಳೆಯುವ ಮುಕ್ತ ಸ್ಪರ್ಧೆ, ಸರ್ವರಿಗೂ ಸ್ವಾಗತ'. ಕಾರು ಗುಡುಗುತ್ತಾ ತಾನಾಗಿಯೇ ಬಂದದ್ದನ್ನು ಕಂಡು ನೆರೆದ ಜನರ ಮುಖ ಸಪ್ಪಗಾಯಿತು. ಹೆಚ್ಚು ಬೇಸರವಾದದ್ದು ಕೊಲ್ಲಮೊಗ್ರಿನವರಿಗೆ. ಅವರು ಅಷ್ಟು ದೂರದಿಂದ ಜೀಪು ಮಾಡಿಕೊಂಡು ಬಂದಿದ್ದರು.

"ಓಡುವ ಕಾರನ್ನು ಎಳೆಯುದು ಹೇಗೆ? ಇದು ಮೋಸ ಅಲ್ವಾ ಮಾರಾಯ್ರೆ?" ಎಂದು ಅವರ ನಾಯಕ ನ್ಯಾಯ ಕೇಳಿದ.

ರೈಗಳು ಬಾಯಿ ತೆರೆಯುವಷ್ಟರಲ್ಲಿ ಸವಣೂರಿನವರು ಮುಂದಿನ ಬಂಪರಿಗೂ ಕೊಲ್ಲಮೊಗ್ರಿನವರು ಹಿಂದಿನ ಬಂಪರಿಗೂ ಹಗ್ಗ ಬಿಗಿದಾಗಿತ್ತು. ಅಚ್ಚುತ ಮೈಕಿನಲ್ಲಿ ಒಂದು, ಎರಡು ಎಂದ. ಆರು ವರ್ಷ ಉಜ್ಜಿ ಹೊಳಪು ಕೊಟ್ಟ ಬಂಪರು ಕಿರುಗುಟ್ಟಿದ್ದನ್ನು ಕೇಳಿ ರೈಗಳು ಬಾನೆಟ್ಟಿನ ಮೇಲೆ ಕವುಚಿ ಮಲಗಿಬಿಟ್ಟರು. ಅವರು ಏಳಬೇಕಾದರೆ ಒಂದು ರಾಜಿಯೇ ಬೇಕಾಯಿತು: ಕಾರನ್ನು ಹೊರಡುವ ಗೆರೆಯವರೆಗೆ ಎರಡೂ ತಂಡ ಸೇರಿ ಎಳೆಯುವುದು, ಬಾಳೆಗೊನೆ ಸಮಪಾಲು. ಹಾಗೆ ಕಾಂಕ್ರೀಟು ರಸ್ತೆಯಲ್ಲಿ ಬಾರಾಕುಡ ಮೊದಲು ಡ್ರ್ಯಾಗ್ ಆದದ್ದು ಅಚ್ಚುತ ತಿಳಿದ ಅರ್ಥದಲ್ಲಿಯೇ.

ಇಷ್ಟಾಗುವಾಗ ಅಭಿರಾಮ್ ಬಂದು ತಲುಪಿದ. ರಸ್ತೆಯ ಕೊನೆಗೆ ಹೋಗಿ ಸಮಯ ಅಳೆಯುವ ಯಂತ್ರ ಹೂಡಿದ. ಊರ್ಮಿಳಾ ಬಾನೆಟ್ಟಿಗೆ ಕುಂಕುಮ ಹಚ್ಚಿ, ಹೂವೇರಿಸಿ, ಮತ್ತೆ ಬಲಗಡೆ ಬಂದು ಕೂತರು. ಇನ್ನು ಇಳಿ ಎಂದು ರೈಗಳು ಹೇಳಿದರು. ಭಾರ ಹೆಚ್ಚಾದರೆ ಸೆಕೆಂಡು ಹೆಚ್ಚಾಗುತ್ತದೆ ಎಂದೂ ಹೇಳಿದರು. ಈ ಎರಡನೆಯ ಮಾತನ್ನು ಅವರು ಹೇಳಬಾರದಿತ್ತು.

"ಆರು ವರ್ಷ ನೀವು ನನ್ನನ್ನು ಬಿಟ್ಟು ಇದರ ಜೊತೆ ಇದ್ರಿ," ಎಂದರು ಊರ್ಮಿಳಾ. "ಅದರಲ್ಲಿ ಅಂಥದ್ದು ಎಂತ ಉಂಟು ಅಂತ ನಾನು ಇವತ್ತು ನೋಡಿಯೇ ಇಳಿಯುದು."

ರೈಗಳಿಗೆ ಎಲ್ಲೋ ಒಳಗೆ ಚುಚ್ಚಿದಂತಾಯಿತು. ಕ್ಲಚ್ಚು ಒತ್ತಿ, ಗೇರ್ ಹಾಕಿ, ಎಂಜಿನ್ನನ್ನು ಕೂಗಿಸಿದರು. ದೂರದಲ್ಲಿ ಅಭಿರಾಮನ ಬಾವುಟ ಇಳಿಯಿತು.

ಆಮೇಲಿನದ್ದು ರೈಗಳಿಗೆ ಸರಿಯಾಗಿ ನೆನಪಿಲ್ಲ. ಸೀಟು ಬೆನ್ನಿಗೆ ಗುದ್ದಿತು, ಟಯರಿನಿಂದ ಹೊಗೆ ಎದ್ದಿತು, ರಸ್ತೆ ಬದಿಯ ರಬ್ಬರ್ ಮರಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಒಂದು ಗೋಡೆಯಾದವು. ಪಕ್ಕದಲ್ಲಿ ಊರ್ಮಿಳಾ ಅಕ್ಕಿ ಚೆಲ್ಲಬಾರದೆಂದು ಹರಿವಾಣವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಎದೆಯ ಮಟ್ಟಕ್ಕೆ ಎತ್ತಿ, ಕಣ್ಣು ಮಿಟುಕಿಸದೆ ಮುಂದೆ ನೋಡುತ್ತಿದ್ದರು. ಅವರು ಕೂಗಲಿಲ್ಲ. ಕೂಗಲಿಕ್ಕೆ ಉಸಿರು ಬೇಕಲ್ಲ.

ಯಂತ್ರ ಹದಿನೈದು ಚಿಲ್ಲರೆ ತೋರಿಸಿತು. ರೈಗಳು ಕಾರು ನಿಲ್ಲಿಸಿ ಸ್ಟೇರಿಂಗಿಗೆ ಹಣೆ ಹಚ್ಚಿದರು. ಕಣ್ಣು ಒದ್ದೆಯಾಗಿತ್ತು, ಅದನ್ನು ಅವರು ಹೊಗೆಯ ಮೇಲೆ ಹಾಕಿದರು. ಅಷ್ಟರಲ್ಲಿ ಜನ ಓಡೋಡಿ ಬಂದರು. ಸಂತೋಷದಿಂದ ಕೈಚಾಚಿ ಇಳಿದ ರೈಗಳನ್ನು ಸ್ವಲ್ಪ ಬದಿಗೆ ಸರಿಸಿ, ಎಲ್ಲರೂ ಕಾರಿನ ಬಲಗಡೆಗೆ ನುಗ್ಗಿದರು.

ಮೈಕಿನಲ್ಲಿ ಅಚ್ಚುತನ ಗಂಟಲು ಹರಿಯುತ್ತಿತ್ತು. ಸೀರೆ ಉಟ್ಟ ಮಹಿಳೆಯೊಬ್ಬರು ಇಂಥ ಅಮೆರಿಕದ ಕಾರನ್ನು ಈ ವೇಗದಲ್ಲಿ ಓಡಿಸಿದ್ದು ಮೂರು ತಾಲೂಕಿಗೇ ಹೆಮ್ಮೆ ಎಂದು ಅವನು ಸಾರುತ್ತಿದ್ದ. ರೈಗಳು ಒಂದು ಕ್ಷಣ ತಬ್ಬಿಬ್ಬಾದರು. ಆಮೇಲೆ ವಿಷಯ ಹೊಳೆಯಿತು. ಕಾರಿನ ಬಲಗಡೆ ಕೂತವರು ಓಡಿಸುವವರು, ಎಡಗಡೆ ಕೂತ ಸರ್ವೋತ್ತಮ ರೈಗಳು ಕಲಿಸುವವರು. ಕಡಬದ ಸುತ್ತಮುತ್ತ ಹುಟ್ಟಿದ ಮಕ್ಕಳಿಗೂ ಇದು ಗೊತ್ತು. ನೆರೆದವರಲ್ಲಿ ಅರ್ಧಕ್ಕರ್ಧ ಜನ ಹಾಗೆಯೇ ಕೂತು ಅವರ ಹತ್ತಿರ ಬೈಸಿಕೊಂಡು ಲೈಸೆನ್ಸು ಪಡೆದವರು. ಅಚ್ಚುತ ತನ್ನ ಮೊಬೈಲಿನಲ್ಲಿ ಹಿಡಿದ ವೀಡಿಯೋ ತೋರಿಸಿದ. ಗಾಜಿನ ಹಿಂದೆ ಊರ್ಮಿಳಾ, ಅವರ ಎರಡು ಕೈಯಲ್ಲಿ ಉರುಟಾದ ಒಂದು ವಸ್ತು. ಅದು ಹರಿವಾಣವೆಂದು ದೇವರಾಣೆ ಹಾಕಿದರೂ ಯಾರೂ ನಂಬುವಂತಿರಲಿಲ್ಲ.

"ಓಡಿಸಿದ್ದು ನಾನು ಮಾರಾಯ," ಎಂದರು ರೈಗಳು. "ಅದರ ಸ್ಟೇರಿಂಗ್ ಈಚೆ ಉಂಟು. ಬೇಕಾದ್ರೆ ನೋಡು."

ಅಚ್ಚುತ ಇಣುಕಿಯೂ ನೋಡಲಿಲ್ಲ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಎಡಗಡೆಯೂ ಎಂತಾದರೂ ಇರುತ್ತದೆ, ಅದು ತನಗೆ ಗೊತ್ತಿಲ್ಲವೇ ಎಂದ. ಅಂಗಡಿ ಮುಚ್ಚಿ ನೋಡಲು ಬಂದಿದ್ದ ಹಸನಬ್ಬ ರೈಗಳ ಹೆಗಲ ಮೇಲೆ ಕೈಯಿಟ್ಟು, ಹೆಂಡತಿ ಹೆಸರು ಮಾಡಿದಾಗ ಗಂಡಸರಿಗೆ ಸ್ವಲ್ಪ ಹೊಟ್ಟೆ ಉರಿಯುವುದು ಸಹಜ, ಎರಡು ದಿನದಲ್ಲಿ ಸರಿಯಾಗುತ್ತದೆ ಎಂದು ಸಮಾಧಾನ ಹೇಳಿದರು.

ಇನ್ನು ಉಳಿದದ್ದು ಊರ್ಮಿಳಾ ಬಾಯಿಬಿಟ್ಟು ಸತ್ಯ ಹೇಳುವುದೊಂದೇ. ಅಷ್ಟು ಹೊತ್ತಿಗೆ ಅವರ ಹೆಗಲ ಮೇಲೆ ಶಾಲು ಬಿದ್ದಿತ್ತು, ಕೈಗೆ ಮೈಕು ಬಂದಿತ್ತು. ರೈಗಳು ಜನರ ನಡುವಿನಿಂದ ಕಣ್ಣಿನಲ್ಲಿಯೇ ಬೇಡಿಕೊಂಡರು. ಊರ್ಮಿಳಾ ಗಂಡನನ್ನು ನೋಡಿದರು, ಕಾರನ್ನು ನೋಡಿದರು, ಶಾಲಿನ ಅಂಚನ್ನು ಸರಿಮಾಡಿಕೊಂಡರು.

"ನಂದು ಎಂತ ಇಲ್ಲ. ಇವರು ಪಕ್ಕದಲ್ಲಿ ಕೂತಿದ್ದ ಕಾರಣ ಧೈರ್ಯ ಬಂತು, ಅಷ್ಟೇ."

ಚಪ್ಪಾಳೆ ಗುಡ್ಡಕ್ಕೆ ಬಡಿದು ವಾಪಸು ಬಂತು. ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ರೈಗಳಿಗೆ ಸಹಿಸಲಾಗದ್ದು ಅದೇ.

ಕೊನೆಯ ಆಸರೆ ಅಭಿರಾಮ್. ಅವನು ಹತ್ತಾರು ಅಮೆರಿಕದ ಕಾರು ಕಂಡವನು, ಸ್ಟೇರಿಂಗು ಎಲ್ಲಿರುತ್ತದೆಂದು ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ. ರೈಗಳು ಅವನನ್ನು ಶಾಮಿಯಾನದ ಹಿಂದೆ ಕರೆದುಕೊಂಡು ಹೋದರು. ಅವನು ಫೋನಿನಲ್ಲಿ ಮಾತು ಮುಗಿಸಿ, ಕಾರು ಆಯ್ಕೆಯಾಗಿದೆ ಎಂದ. ರೈಗಳ ಮುಖ ಅರಳಿತು. ಆದರೆ ಅಚ್ಚುತನ ವೀಡಿಯೋ ಸಂಘದ ಸಮಿತಿಯವರನ್ನು ಆಗಲೇ ತಲುಪಿತ್ತು.

"ಓಡಿಸಿದ್ದು ನೀವೇ ಅಂತ ನಾನು ಹೇಳಿದೆ ಸರ್," ಎಂದ ಅಭಿರಾಮ್, ನೆಲ ನೋಡುತ್ತಾ. "ಅವರು ಹೇಳುದು, ಡಿಸೆಂಬರಿಗೆ ಮೇಡಂ ಓಡಿಸ್ಬೇಕು ಅಂತ. ಸೀರೆ ಉಟ್ಟವರು ಓಡಿಸಿದ್ರೆ ನೋಡ್ಲಿಕ್ಕೆ ಜನ ಬರ್ತಾರೆ. ನಿಮ್ಮನ್ನು ನೋಡ್ಲಿಕ್ಕೆ..." ಅವನು ಒಳ್ಳೆಯ ಹುಡುಗ, ಮಾತನ್ನು ಅಲ್ಲಿಗೇ ನಿಲ್ಲಿಸಿದ.

ಹೊರಡುವ ಮೊದಲು ಅವನು ಇದೇ ಸಂಗತಿಯನ್ನು ಊರ್ಮಿಳಾಗೂ ತಿಳಿಸಿದ್ದ. ವಾಪಸು ಬರುತ್ತಾ ಕಡಬ ಹತ್ತಿರವಾಗುವಾಗ ರೈಗಳ ಸಿಟ್ಟು ಕರಗಿ ಒಂದು ಉಪಾಯ ಮೂಡಿತು. ಊರ್ಮಿಳಾಗೆ ಕಾರು ಬಿಡಲು ಬರುವುದಿಲ್ಲ. ಇಪ್ಪತ್ತು ವರ್ಷದಿಂದ ಕಲಿಸುತ್ತೇನೆಂದರೂ ಬೇಡವೆಂದವಳು. ಒಂದೋ ಅವಳು ಹೆದರಿ ಹಿಂದೆ ಸರಿಯುತ್ತಾಳೆ, ತನ್ನ ದಾರಿ ಸಲೀಸು. ಇಲ್ಲವೆಂದರೆ ಕಲಿಸುವ ನೆಪದಲ್ಲಿ ಡಿಸೆಂಬರಿನವರೆಗೆ ದಿನಾ ಈ ಕಾರಿನಲ್ಲಿ ತಿರುಗಾಡಬಹುದು, ಹೋಗಲಿ, ಅಷ್ಟಾದರೂ ಆಯಿತು. ಅವರು ಆದಷ್ಟು ಮೆತ್ತಗಿನ ದನಿಯಲ್ಲಿ, ಕಲಿಯುವುದಾದರೆ ನಾಳೆಯಿಂದಲೇ ಶುರುಮಾಡುವ ಎಂದರು.

"ಕಲಿಯುದು ನಿಶ್ಚಯ," ಎಂದರು ಊರ್ಮಿಳಾ. "ಆದ್ರೆ ನಿಮ್ಮ ಹತ್ತಿರ ಅಲ್ಲ, ನೀವು ಬೈತೀರಿ. ಪುತ್ತೂರಿನಲ್ಲಿ ಒಂದು ಡ್ರೈವಿಂಗ್ ಸ್ಕೂಲ್ ಉಂಟಂತೆ, ಅಲ್ಲಿ ತಾಳ್ಮೆಯಲ್ಲಿ ಹೇಳಿಕೊಡ್ತಾರಂತೆ. ನಾನು ಆಗ್ಲೇ ಫೋನ್ ಮಾಡಿ ಆಯ್ತು."

ರೈಗಳ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಎಂಟು ಸಿಲಿಂಡರು ಒಮ್ಮೆ ಕೆಮ್ಮಿ ಸುಮ್ಮನಾಯಿತು.

"ನೀವು ಬೆಳಿಗ್ಗೆ ಅಲ್ಲಿಗೆ ಬಿಟ್ಟು, ಮುಗಿದ ಮೇಲೆ ಕರ್ಕೊಂಡು ಬಂದ್ರೆ ಸಾಕು," ಎಂದು ಊರ್ಮಿಳಾ ಹೂವಿನ ಎಸಳುಗಳನ್ನು ಸೀರೆಯಿಂದ ಕೊಡವಿಕೊಂಡರು. "ಈ ಕಾರು ಬೇಡ, ಸುಮ್ಮನೆ ಹಾಳಾಗ್ತದೆ. ನಿಮ್ಮ ಸ್ಕೂಟರ್ ಆದೀತು."