ನೇಕಾರರ ಬೀದಿಯ ತಲೆ ಎಣಿಕೆ

ಜನರನ್ನು ಎಣಿಸಲು ಹೋದವರು ಬರೀ ಎಣಿಸಿಕೊಂಡು ಮನೆಗೆ ಬಂದದ್ದನ್ನು ನಾನಂತೂ ಕಾಣೆ. ಎಂಬತ್ತೊಂದರ ಜನಗಣತಿಯಲ್ಲಿ ನನ್ನ ಪಾಲಿಗೆ ಬಂದದ್ದು ತಮಿಳು ಸೀಮೆಯ ಕುನ್ನತ್ತೂರಿನ ಹತ್ತಿರದ ಒಂದು ನೇಕಾರರ ಬೀದಿ. ನಾನು ಅಲ್ಲಿನ ಶಾಲೆಯ ಟೀಚರು. ನಲವತ್ತು ಚಿಲ್ಲರೆ ಮನೆ, ಮನೆಗೊಂದು ಮಗ್ಗ. ಹೊಸ್ತಿಲ ಒಳಗೆ ಕನ್ನಡ, ದಾಟಿದರೆ ತಮಿಳು. ಪೀಳಮೇಡಿನ ನಮ್ಮ ತವರೂ ಹಾಗೇ. ನಾನು ಕನ್ನಡ ಅಕ್ಷರ ಕಲಿತದ್ದೇ ಮದುವೆಯಾದ ಮೇಲೆ, ಚಾಮರಾಜನಗರದ ಗಂಡನಿಂದ. ಅದಕ್ಕೇ ಹೆಡ್‌ಮಾಸ್ಟರು "ಈ ಬೀದಿ ನಿಮಗೆ ಬಹಳ ಸುಲಭ ಟೀಚರ್" ಎಂದು ಕಾಗದದ ಕಟ್ಟು ಕೈಗಿಟ್ಟರು. ಅವರು ಒಳ್ಳೆಯವರು, ಬೇಕೆಂದು ಸುಳ್ಳು ಹೇಳಿದ್ದಲ್ಲ.

ಮನೆ ಮಾತು

ಮೊದಲನೇ ಮನೆಯಲ್ಲಿ ಒಬ್ಬರು ಅಜ್ಜಿ. ಸರ್ಕಾರಿ ಕೆಲಸವಲ್ಲವೇ ಎಂದು ನಾನು ತಮಿಳಿನಲ್ಲೇ ಶುರುಮಾಡಿದೆ. ಹೆಸರು, ವಯಸ್ಸು ಎಲ್ಲ ಮುಗಿದು ತಾಯಿನುಡಿಗೆ ಬಂದೆ.

"ತಮಿಳು" ಎಂದರು ಅಜ್ಜಿ, ತಮಿಳಿನಲ್ಲಿ. ಮರುಕ್ಷಣವೇ ಒಳಕ್ಕೆ ತಿರುಗಿ, "ಏ ಹುಡ್ಗಿ, ಸಾರು ಉಕ್ತಾ ಅದೆ, ಕಣ್ಣು ಕಾಣಲ್ವಾ?" ಎಂದು ಸೊಸೆಯನ್ನು ಗದರಿದರು.

ನಾನೂ ಕನ್ನಡಕ್ಕೆ ಇಳಿದೆ. "ಈಗ ಮಾತಾಡಿದ್ದು ಏನಜ್ಜಿ?"

"ಸಾರು ಉಕ್ತಾ ಅದೆ ಅಂದೆ."

"ಅದಲ್ಲ, ಯಾವ ಭಾಷೆ?"

"ಅದೆಲ್ಲಿ ಭಾಷೆ ನನ್ ಕಣ್ಣೇ? ಅದು ಮನೆ ಮಾತು. ಭಾಷೆ ಅಂದ್ರೆ ಇಸ್ಕೂಲಲ್ಲಿ ಹೇಳ್ಕೊಡ್ತಾರಲ್ಲ, ಅದು."

ಸರ್ಕಾರ ಕೇಳುತ್ತಿರುವುದು ಮನೆ ಮಾತನ್ನೇ ಎಂದು ವಿವರಿಸಿದೆ. ನಮ್ಮ ಮನೆ ಸಾರು ಉಕ್ಕಿದರೆ ದಿಲ್ಲಿಯವರಿಗೇನು ಎಂಬುದು ಅವರ ಪ್ರಶ್ನೆ. ಕಾಲು ಗಂಟೆಯಾದ ಮೇಲೆ ಒಪ್ಪಿದರು.

"ಸರಿ, ಕನ್ನಡ ಅಂತ್ಲೇ ಬರ್ಕೋ. ಎಮ್ಮೇದು ಮಾತ್ರ ತಮಿಳು ಅಂತ ಹಾಕು. ಅದನ್ನ ಸಂತೇಲಿ ತಂದಿದ್ದು. ಕನ್ನಡದಲ್ಲಿ ಹೇಳಿದ್ರೆ ಏಳೋದೇ ಇಲ್ಲ."

ಆರೋ ಏಳೋ

ಎಣಿಕೆಯ ಜೊತೆಗೆ ಆ ಬೀದಿಯ ಚರಿತ್ರೆಯನ್ನೂ ಅರ್ಧ ಪುಟ ಬರೆದುಕೊಡಿ, ಶಾಲೆಯ ದಾಖಲೆಗೆ ಇರಲಿ ಎಂದಿದ್ದರು ಹೆಡ್‌ಮಾಸ್ಟರು. ಬೀದಿಯ ಯಜಮಾನರ ಬಳಿ ಹೋದೆ. ಅವರು ಜಗಲಿಯ ಮೇಲೆ ಕೂತಿದ್ದರು, ಪಕ್ಕದಲ್ಲಿ ಅವರ ಭಾವಮೈದುನ.

"ನಾವು ಕಡಲ ತೀರದೋರು" ಎಂದರು ಯಜಮಾನರು. "ಸಮುದ್ರದ ದಡದಲ್ಲಿ ಮಗ್ಗ ಹಾಕ್ಕೊಂಡಿದ್ರು ನಮ್ಮೋರು. ಅಲ್ಲಿನ ರಾಜ ನಮ್ಮ ಹೆಣ್ಣು ಕೇಳ್ದ. ಕೊಡಲ್ಲ ಅಂತ ಏಳು ಜನ ಅಣ್ಣತಮ್ಮಂದಿರು ಊರು ಬಿಟ್ಟು ಬಂದ್ರು."

"ಸಮುದ್ರ ಎಲ್ಲಿಂದ ತಂದ್ರಿ ಭಾವಾ? ನಾವು ಬೆಟ್ಟ ಇಳಿದು ಬಂದೋರು" ಎಂದರು ಭಾವಮೈದುನ. "ನೀವು ಸಮುದ್ರ ನೋಡಿದೀರಾ?"

"ನೋಡಿದೀನಿ."

"ಎಲ್ಲಿ?"

"ಉಕ್ಕಡದಲ್ಲಿ."

ನಾನು ಪೆನ್ನು ಕೆಳಗಿಟ್ಟೆ. "ಅದು ಕೆರೆಯಲ್ವಾ ಅಯ್ಯಾ?"

"ಅದರ ಪಕ್ಕದಲ್ಲಿ ಮೀನು ಮಾರ್ಕೆಟ್ಟು ಅದೆಯಾ ಇಲ್ವಾ? ಅಲ್ಲಿ ಮಾರೋದು ಸಮುದ್ರದ ಮೀನಾ ಅಲ್ವಾ? ಕೆರೇಲಿ ಸಮುದ್ರದ ಮೀನು ಎಲ್ಲಿಂದ ಬರ್ತದೆ? ಓದ್ದೋಳು, ನೀನೇ ಹೇಳು."

ಓದಿದವಳು ಮತ್ತೆ ಪೆನ್ನು ಕೈಗೆತ್ತಿಕೊಂಡಳು.

ಭಾವಮೈದುನ ಹೇಳಿದರು: "ಸಮುದ್ರ ಬೇಕಾದ್ರೆ ಬರ್ಕೋಮ್ಮ, ಪರವಾಗಿಲ್ಲ. ಏಳು ಅಂತ ಬರೀಬೇಡ. ಬಂದಿದ್ದು ಆರೇ ಜನ. ಏಳನೆಯೋನು, ಇವರ ತಾತನ ತಾತ, ಹೆಂಡ್ತಿ ಊರಿಗೆ ಹೋಗಿದ್ದೋನು ಎರಡು ವರ್ಷ ಬಿಟ್ಟು ಬಂದ."

ಯಜಮಾನರು ಟವಲು ಕೊಡವಿ ಎದ್ದು ಒಳಗೆ ಹೋದರು. ಮೂರು ದಿನ ಇಬ್ಬರಿಗೂ ಮಾತಿಲ್ಲ. ಬೀದಿಯಲ್ಲಿ ಶಾಂತಿ ಬೇಕಲ್ಲ. ಶಾಲೆಯ ದಾಖಲೆಯಲ್ಲಿ ನಾನು ಬರೆದದ್ದು ಇಷ್ಟು: ‘ಇಲ್ಲಿಯವರು ಸಮುದ್ರತೀರದ ಒಂದು ಬೆಟ್ಟದಿಂದ ಇಳಿದು ಬಂದ ಆರರಿಂದ ಏಳು ಮಂದಿ ಅಣ್ಣತಮ್ಮಂದಿರ ಸಂತತಿ.’

ಮನೆಯ ಯಜಮಾನಿ

ಎದುರುಬದುರು ಎರಡು ಮನೆ, ಅಣ್ಣನದೊಂದು, ತಮ್ಮನದೊಂದು. ಅಣ್ಣನ ಹೆಂಡತಿ, "ಅತ್ತೆ ಆ ಮನೆ ಲೆಕ್ಕ" ಎಂದಳು. ತಮ್ಮನ ಹೆಂಡತಿ, "ಆ ಮನೆ ಲೆಕ್ಕ" ಎಂದು ಈಚೆ ತೋರಿಸಿದಳು. ಅತ್ತೆ ನಡುಬೀದಿಯ ಬೇವಿನ ಮರದಡಿ ರಾಟೆಯಲ್ಲಿ ನೂಲು ಸುತ್ತುತ್ತಾ ಕೂತಿದ್ದರು. ನಾನು ಅವರನ್ನೇ ಕೇಳಿದೆ.

"ಊಟ ದೊಡ್ಡೋನ ಮನೇಲಿ, ಮಲಗೋದು ಚಿಕ್ಕೋನ ಮನೇಲಿ. ಅಲ್ಲಿ ಅರ್ಧ, ಇಲ್ಲಿ ಅರ್ಧ ಬರ್ಕೋ."

"ಅರ್ಧ ಬರೆಯೋಕೆ ಆಗಲ್ಲಮ್ಮ."

ರಾಟೆ ನಿಂತಿತು. "ಹಂಗಾದ್ರೆ ನಾನು ಇಲ್ಲ ಅಂತ ಬರೀತೀಯಾ? ಮದುವೆಯಾಗಿ ಬಂದಾಗಿಂದ ಇದೇ ಮರದ ಕೆಳಗೆ ನೂಲು ಸುತ್ತಿದೀನಿ."

ನಾನು ಕಾಗದದ ಕಟ್ಟು ತಿರುವಿ ನಿಯಮ ಹುಡುಕಿದೆ. ಕೊನೆಗೆ, "ನೀವೇ ಒಲೆ ಹಚ್ಚೋದು ಉಂಟಾ?" ಎಂದೆ. ಮರದ ಹಿಂದಿನ ಗುಡಿಸಿಲಲ್ಲಿ ಬೆಳಿಗ್ಗೆ ಕಾಪಿ ಕಾಯಿಸಿಕೊಳ್ಳುತ್ತಾರಂತೆ. ಅಷ್ಟು ಸಾಕಾಯಿತು. ಗಣತಿಯ ಲೆಕ್ಕದಲ್ಲಿ ಬೇರೆ ಒಲೆಯೆಂದರೆ ಬೇರೆ ಮನೆ. ಗುಡಿಸಿಲ ಕಂಬಕ್ಕೆ ಸೀಮೆಸುಣ್ಣದಲ್ಲಿ ನಂಬರು ಹಾಕಿ, ಮನೆಯ ಯಜಮಾನಿ ಎಂದು ಅವರ ಹೆಸರನ್ನೇ ಬರೆದು ಓದಿ ಹೇಳಿದೆ. ಅವರು ಎರಡು ಸಲ ಓದಿಸಿದರು.

ವಿಷಯ ಬೀದಿಗೆಲ್ಲ ಹರಡಿತು. ಮಾರನೆಯ ಬೆಳಿಗ್ಗೆ ನಾನು ಆ ಕಡೆ ಹೋದಾಗ ಸೊಸೆಯರಿಬ್ಬರೂ ಕಾಪಿ ಲೋಟ ಹಿಡಿದು ಗುಡಿಸಿಲ ಮುಂದೆ ನಿಂತಿದ್ದರು. "ನಮ್ಮ ಮನೇಲೇ ಇರಿ ಅತ್ತೆ" ಎಂದು ಇವಳು, "ಇಲ್ಲ, ನಮ್ಮಲ್ಲಿ" ಎಂದು ಅವಳು.

"ಇರಿ, ಯಜಮಾನೀನ ಕೇಳಿ ಹೇಳ್ತೀನಿ" ಎಂದು ಅತ್ತೆ ಒಳಗೆ ಹೋದರು. ಒಳಗೆ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಬಂದು ಹೇಳಿದರು: "ಬೇಡ ಅಂದ್ರು."

ಪರೀಕ್ಷೆ

ನನ್ನ ಪಟ್ಟಿ ನೋಡಿ ಗಣತಿಯ ಮೇಲ್ವಿಚಾರಕರಿಗೆ ಅನುಮಾನ ಬಂತು. ಒಂದು ಇಡೀ ಬೀದಿ ಕನ್ನಡವೇ? ಟೀಚರೂ ಕನ್ನಡದವಳು, ತನ್ನವರ ತಲೆ ಹೆಚ್ಚಿಸಿಕೊಂಡಿದ್ದಾಳೆ ಎಂದುಕೊಂಡರು. ಪರೀಕ್ಷಿಸಲು ತಾವೇ ಬಂದರು. ಅವರಿಗೆ ಕನ್ನಡ ಬಾರದ್ದರಿಂದ ಜೊತೆಗೆ ಕರ್ನಾಟಕದಿಂದ ಹೊಸದಾಗಿ ಮಿಲ್ಲಿನ ಆಫೀಸಿಗೆ ಬಂದಿದ್ದ ಒಬ್ಬ ತರುಣನನ್ನೂ ಕರೆತಂದರು. ಕನ್ನಡದಲ್ಲಿ ಎಂ.ಎ. ಮಾಡಿದವನು, ಇಸ್ತ್ರಿ ಮಾಡಿದ ಅಂಗಿ.

"ನೀವು ಬಾಯಿ ಹಾಕಬಾರದು ಟೀಚರ್" ಎಂದರು ಮೇಲ್ವಿಚಾರಕರು, ತಮಿಳಿನಲ್ಲಿ. "ಇವರು ಕನ್ನಡದಲ್ಲಿ ಕೇಳ್ತಾರೆ, ಜನ ಉತ್ತರ ಕೊಡಲಿ. ಕೊಡದಿದ್ರೆ ಎಲ್ಲ ತಮಿಳು ಅಂತ ತಿದ್ದಿ, ನಿಮ್ಮ ಮೇಲೆ ರಿಪೋರ್ಟು ಬರೀತೀನಿ."

ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಒಬ್ಬ ಹೆಂಗಸಿಗೆ ತರುಣ ಕೈಮುಗಿದು ಕೇಳಿದ: "ತಾಯೀ, ತಮ್ಮ ಕುಟುಂಬದ ಸದಸ್ಯರ ಒಟ್ಟು ಸಂಖ್ಯೆಯನ್ನು ದಯವಿಟ್ಟು ತಿಳಿಸುವಿರಾ?"

ಆಕೆ ಅವನನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಬೇವಿನ ಮರ ನೋಡಿದೆ. ಹೊರಗಿನವರ ಮುಂದೆ ಮನೆ ಮಾತು ಆಡಬಾರದೆಂಬುದು ಆ ಬೀದಿಯ ಮರ್ಯಾದೆ. ಆಕೆ ತಮಿಳಿನಲ್ಲೇ ಗಂಡನನ್ನು ಕೂಗಿದಳು: "ಯಾರೋ ತೆಲುಗಿನೋರು ಬಂದಿದಾರೆ, ಬನ್ನಿ!"

ಗಂಡ ಬಂದ. ತರುಣ ಇನ್ನೂ ನಿಧಾನವಾಗಿ, "ತಮ್ಮ ಮಾತೃಭಾಷೆ ಯಾವುದೆಂದು ಅರುಹುವಿರಾ?" ಎಂದ. ಗಂಡ ಗಮನವಿಟ್ಟು ಕೇಳಿ ಹೆಂಡತಿಗೆ ಹೇಳಿದ, ಅದೂ ತಮಿಳಿನಲ್ಲಿ: "ತೆಲುಗಲ್ಲ. ಹಿಂದಿ."

ಬೀದಿಯೆಲ್ಲ ಬಂದು ನೆರೆಯಿತು, ಎಲ್ಲರದೂ ತಮಿಳೇ. ಮೇಲ್ವಿಚಾರಕರು ಕೆಂಪು ಪೆನ್ನಿನ ಮುಚ್ಚಳ ತೆಗೆದರು.

ಪಾಪ, ತರುಣನಿಗೂ ಅವಮಾನವಾಗಿತ್ತು. ಮುಖ ತಪ್ಪಿಸಿಕೊಳ್ಳಲು, ಮಗ್ಗ ನೋಡುವವನಂತೆ ಮನೆಯೊಳಗೆ ಹೆಜ್ಜೆ ಇಟ್ಟ. ನೇಯುವವರು ಕಾಲು ಇಳಿಬಿಟ್ಟು ಕೂರಲು ಮಗ್ಗದ ಮುಂದೆ ಗುಂಡಿ ಇರುತ್ತದೆ. ಬಿಸಿಲಿಂದ ಕತ್ತಲಿಗೆ ಹೋದವನಿಗೆ ಅದು ಕಾಣಲಿಲ್ಲ. ಧೊಪ್ಪೆಂದು ಸದ್ದಾಯಿತು.

"ಅಯ್ಯಯ್ಯೋ ಅವ್ವಾ! ಸತ್ನಲ್ಲಪ್ಪೋ! ನನ್ ಕಾಲು ಹೋಯ್ತು!"

"ಅಯ್ಯೋ ನನ್ ಕಣ್ಣೇ, ಎಲ್ಲಿ ನೋವಾಯ್ತು ಮಗಾ?" ಎಂದು ಆ ಹೆಂಗಸು ಓಡಿದಳು. "ಏ, ಹರಳೆಣ್ಣೆ ತಕೊಂಡು ಬಾರೇ!" "ಉಪ್ಪಿನ ಶಾಖ ಕೊಡ್ರೋ!" "ಮೊದ್ಲು ನೀರು ಕುಡ್ಸಿ!" ಇಡೀ ಬೀದಿ ಒಂದೇ ಸಲ ಕನ್ನಡದಲ್ಲಿ ಅರಚತೊಡಗಿತು. "ಇವ ನಮ್ಮೋನೇ ಕಣ್ರೋ!" ಎಂದು ಗಂಡ ಬಾಗಿಲಲ್ಲಿ ನಿಂತು ಎಲ್ಲರಿಗೂ ಸಾರಿದ.

ತರುಣ ಗುಂಡಿಯೊಳಗಿನಿಂದ ತಲೆಯೆತ್ತಿ ಹೇಳಿದ: "ಸಾರ್, ಇವರು ಕನ್ನಡದವರೇ. ನಾನು ಕೇಳಿದ್ದೇ ಸರಿಯಿರಲಿಲ್ಲ."

ಮೇಲ್ವಿಚಾರಕರು ಕೆಂಪು ಪೆನ್ನು ಜೇಬಿಗಿಟ್ಟು ನೀಲಿ ಪೆನ್ನಿನಲ್ಲಿ ಸಹಿ ಹಾಕಿದರು.

ಆ ಹೆಂಗಸು ಅವನ ಕಾಲು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ನೀವುತ್ತಾ ಕೇಳಿದಳು: "ಟೀಚರಮ್ಮ, ಈ ಮಗೂನೂ ಬರ್ಕೊಂಡ್ಯಾ? ಯಾವ ಭಾಷೆ ಅಂತ ಹಾಕ್ತೀಯ?"

"ಬರ್ಕೊಂಡ್ರೆ ಕನ್ನಡ ಅಂತ್ಲೇ ಹಾಕ್ಬೇಕು."

ಆಕೆ ಅಂಗೈಗೆ ಇನ್ನಷ್ಟು ಎಣ್ಣೆ ಸುರಿದುಕೊಂಡಳು.

"ಬಿದ್ದ ಮೇಲಿಂದ ಅಂತ ಸೇರಿಸು."